ಬೆಂಗಳೂರು ಎಷ್ಟು ತಾಸಿನ ದಾರಿ?

ನಮ್ಮ ಕಡೆಯ ಜನರನ್ನು 'ಇಂಥ ಊರು ಎಷ್ಟು ದೂರ?' ಎಂದು ಕೇಳಿ ನೋಡಿ. ಕಿಲೋಮೀಟರಿನ ಮಾತೇ ಬರುವುದಿಲ್ಲ. 'ಹುಮನಾಬಾದ ಅರ್ಧ ತಾಸು, ಬೀದರ ಮುಕ್ಕಾಲು ತಾಸು, ಹೈದರಾಬಾದ ಮೂರು ತಾಸು' ಎನ್ನುತ್ತಾರೆ. ಬೆಂಗಳೂರೆಂದರೆ ಮಾತ್ರ ತಾಸಿನ ಲೆಕ್ಕವೂ ಸಾಲದೆ 'ಒಂದು ರಾತ್ರಿ' ಎಂದು ಕೈ ಬೀಸಿ ಮುಗಿಸಿಬಿಡುತ್ತಾರೆ.

ನಮ್ಮೂರು ಮನ್ನಾಏಖೇಳ್ಳಿ. ಮೊದಲು ಹುಮನಾಬಾದ ತಾಲ್ಲೂಕಿನಲ್ಲಿತ್ತು, ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿದೆ. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಊರನ್ನು ಸೀಳಿಕೊಂಡೇ ಹೋಗುತ್ತದೆ. ಬಹಳ ಕಾಲ ನಾವು ಅದನ್ನು 9ನೇ ನಂಬರಿನ ಹೆದ್ದಾರಿ ಎನ್ನುತ್ತಿದ್ದೆವು, ಈಗ ಅದರ ನಂಬರು 65. ಇಂಥ ಊರಿನಲ್ಲಿ ಹುಟ್ಟಿದವರಿಗೆ ದೂರದ ವಿಷಯ ಯಾರೂ ಕಲಿಸಬೇಕಾಗಿಲ್ಲ. ಹಗಲೂ ರಾತ್ರಿ ಯಾರಾದರೂ ಎಲ್ಲಿಗಾದರೂ ಹೋಗುತ್ತಲೇ ಇರುತ್ತಾರೆ.

ಆದರೆ ನಾನು ಗಣಿತದ ಮಾಸ್ತರ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಮೆಸುಣ್ಣ ಹಿಡಿದವನು. ಜನ ದೂರವನ್ನು ತಾಸಿನಲ್ಲಿ ಹೇಳಿದರೆ ನನಗೆ ಸಿಟ್ಟು ಬರುತ್ತಿತ್ತು. 'ದೂರಕ್ಕೆ ಕಿಲೋಮೀಟರು, ಕಾಲಕ್ಕೆ ತಾಸು. ಎರಡನ್ನೂ ಕೂಡಿಸಿ ಅಂಬಲಿ ಮಾಡಬ್ಯಾಡ್ರಿ' ಎಂದು ಹುಡುಗರಿಗೆ ಹೇಳುತ್ತಿದ್ದೆ. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಬರುತ್ತದೆ. ಇದಕ್ಕಿಂತ ಸರಳವಾದದ್ದು ಜಗತ್ತಿನಲ್ಲಿ ಏನಿದೆ?

ಒಮ್ಮೆ ಎಂಟನೆಯ ತರಗತಿಯಲ್ಲಿ ಒಂದು ಲೆಕ್ಕ ಕೊಟ್ಟೆ. ಒಂದು ಬಸ್ಸು ಗಂಟೆಗೆ 50 ಕಿ.ಮೀ. ವೇಗದಲ್ಲಿ ಚಲಿಸಿದರೆ 300 ಕಿ.ಮೀ. ದೂರವನ್ನು ಎಷ್ಟು ಹೊತ್ತಿನಲ್ಲಿ ಕ್ರಮಿಸುತ್ತದೆ? ಎಲ್ಲರೂ ಆರು ತಾಸು ಎಂದು ಬರೆದರು. ಕೊನೆಯ ಬೆಂಚಿನ ಹುಡುಗನೊಬ್ಬ ಮಾತ್ರ ಎದ್ದು ನಿಂತು, 'ಸರ್, ಆ ಬಸ್ಸು ಚಾ ಕುಡಿಲಿಕ್ಕ ಎಲ್ಲೂ ನಿಲ್ಲಂಗಿಲ್ಲೇನ್ರಿ?' ಎಂದು ಕೇಳಿದ. ತರಗತಿಯೆಲ್ಲ ಘೊಳ್ಳೆಂದು ನಕ್ಕಿತು. 'ಲೆಕ್ಕದಾಗಿನ ಬಸ್ಸು ಎಲ್ಲೂ ನಿಲ್ಲಂಗಿಲ್ಲ, ಕೂಡು' ಎಂದು ಗದರಿಸಿ ಕೂರಿಸಿದೆ. ಆ ಹುಡುಗ ಕೇಳಿದ್ದು ಎಷ್ಟು ದೊಡ್ಡ ಪ್ರಶ್ನೆ ಎಂದು ತಿಳಿಯಲು ನನಗೆ ಕೆಲವು ವರ್ಷಗಳೇ ಬೇಕಾದವು. ಅದರ ಬೆಲೆ ಕೊಟ್ಟವಳು ನನ್ನ ಮಗಳು.

ಅದು 1996ರ ಮಾತು. ಮಗಳು ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಳು. ನಮ್ಮ ಊರಿನ ಮಟ್ಟಿಗೆ ಒಳ್ಳೆಯ ರ‍್ಯಾಂಕೇ ಬಂದಿತ್ತು. ಇಂದಿನ ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳಬೇಕು. ಈಗ ನೀವು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಕಾಲೇಜುಗಳ ಹೆಸರು ತುಂಬುತ್ತೀರಿ. ಆಗ ಹಾಗಿರಲಿಲ್ಲ. ಸೀಟು ಆರಿಸಿಕೊಳ್ಳಲು ಅಭ್ಯರ್ಥಿಯೇ ಅಂಕಪಟ್ಟಿಗಳ ಕಟ್ಟು ಹೊತ್ತುಕೊಂಡು ಬೆಂಗಳೂರಿಗೆ ಹೋಗಬೇಕು. ಇಂಥ ದಿನ, ಇಷ್ಟು ಹೊತ್ತಿಗೆ, ಇಂಥ ರ‍್ಯಾಂಕಿನಿಂದ ಇಂಥ ರ‍್ಯಾಂಕಿನವರೆಗೆ ಎಂದು ಕರೆಯುತ್ತಿದ್ದರು. ನಮ್ಮ ಸರದಿ ಬೆಳಿಗ್ಗೆ 9 ಗಂಟೆಗೆ ಬಂದಿತ್ತು.

ನಾನು ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆ. ಹುಮನಾಬಾದ, ಗುಲ್ಬರ್ಗ, ಲಿಂಗಸುಗೂರು, ಹೊಸಪೇಟೆ, ಚಿತ್ರದುರ್ಗದ ಮೇಲೆ ಬೆಂಗಳೂರಿಗೆ ಸುಮಾರು 680 ಕಿ.ಮೀ. ಬಸ್ಸಿನ ವೇಗ ಗಂಟೆಗೆ 50. ಭಾಗಿಸಿದರೆ 13 ತಾಸು 36 ನಿಮಿಷ. ಹಿಂದಿನ ದಿನ ಸಂಜೆ 5 ಗಂಟೆಗೆ ಹೊರಟರೆ ಬೆಳಿಗ್ಗೆ 6.36ಕ್ಕೆ ಮೆಜೆಸ್ಟಿಕ್ಕಿನಲ್ಲಿ ಇಳಿಯಬೇಕು. ಇನ್ನೂ ಎರಡು ತಾಸಿಗಿಂತ ಹೆಚ್ಚು ಹೊತ್ತು ಕೈಯಲ್ಲಿ ಉಳಿಯುತ್ತದೆ. ಸ್ನಾನ, ತಿಂಡಿ ಮುಗಿಸಿ ಆರಾಮಾಗಿ ಹೋಗಬಹುದು.

ಮನೆಯಾಕೆ ಬುತ್ತಿಗೆ ರೊಟ್ಟಿ ಬಡಿಯುತ್ತಲೇ ಹೇಳಿದಳು: 'ಒಂದು ದಿನ ಮೊದಲೇ ಹೋಗ್ರಿ. ಪೋರಿ ಜೀವನದ ಪ್ರಶ್ನೆ ಅದ.'

'ನಿನಗೇನು ತಿಳೀತದ? ಲೆಕ್ಕ ಮಾಡೀನಿ' ಎಂದೆ. ಒಂದು ದಿನದ ರಜೆ ಉಳಿಯುತ್ತದೆ, ಲಾಡ್ಜಿನ ಬಾಡಿಗೆ ಉಳಿಯುತ್ತದೆ ಎಂಬುದು ನನ್ನ ಒಳಲೆಕ್ಕ. ಗುಲ್ಬರ್ಗದಿಂದ ರೈಲಿತ್ತು, ಆದರೆ ಮುಂಗಡ ಸೀಟು ಸಿಕ್ಕಿರಲಿಲ್ಲ. ಹುಮನಾಬಾದಿಗೆ ಹೋಗಿ ಬೆಂಗಳೂರಿನ ರಾತ್ರಿ ಬಸ್ಸು ಹಿಡಿಯುವುದೆಂದು ನಿಶ್ಚಯಿಸಿದೆ.

ಮನೆಯಿಂದ ಹೊರಟದ್ದು ಸರಿಯಾಗಿ ಸಂಜೆ 5 ಗಂಟೆಗೇ. ಅಲ್ಲಿಂದ ಮುಂದೆ ಯಾವುದೂ ಸರಿಯಾಗಲಿಲ್ಲ. ಹುಮನಾಬಾದಿನಲ್ಲಿ ಬಸ್ಸು ಬರುವುದು ಅರ್ಧ ತಾಸು ತಡವಾಯಿತು. ಗುಲ್ಬರ್ಗದಲ್ಲಿ ಅರ್ಧ ತಾಸು ನಿಂತಿತು. ನಡುರಾತ್ರಿ ಊಟಕ್ಕೆಂದು ಒಂದು ಧಾಬಾದ ಮುಂದೆ ನಿಂತಿದ್ದು ಮುಕ್ಕಾಲು ತಾಸು. ಆಮೇಲೊಂದು ರೈಲ್ವೆ ಗೇಟು ಬಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳನ್ನು ಮಗಳು ಎಣಿಸುತ್ತ ಕುಳಿತಿದ್ದಳು. ಚಿತ್ರದುರ್ಗ ದಾಟಿದ ಮೇಲೆ, ಬೆಳಕು ಹರಿಯುವ ಹೊತ್ತಿಗೆ, ಹಿಂದಿನ ಗಾಲಿ ಪಂಕ್ಚರಾಯಿತು. ಡ್ರೈವರನೂ ಕಂಡಕ್ಟರನೂ ಜಾಕ್ ಹಚ್ಚಿ ಬೆವರು ಒರೆಸಿಕೊಳ್ಳುತ್ತ ದುಡಿದರು. ಅವರದೇನೂ ತಪ್ಪಿರಲಿಲ್ಲ. ತುಮಕೂರು ಬಂದಾಗ 9 ಗಂಟೆ. ಅಂದರೆ ನಮ್ಮ ಸರದಿಯ ಹೊತ್ತು. ಬೆಂಗಳೂರಿನ ಹೊರವಲಯದಿಂದ ಮೆಜೆಸ್ಟಿಕ್ಕಿಗೆ ಬಸ್ಸು ಆಮೆಯಂತೆ ತೆವಳಿತು. ಇಳಿದಾಗ ಗಡಿಯಾರದಲ್ಲಿ 11 ಹೊಡೆದಿತ್ತು.

ಆಟೋ ಹಿಡಿದು, ಮುಖ ಕೂಡ ತೊಳೆಯದೆ ಓಡಿದೆವು. ಅಲ್ಲಿದ್ದವರು ಒಳ್ಳೆಯವರೇ. ತಡವಾಗಿ ಬಂದವರನ್ನು ಆ ಹೊತ್ತಿನಲ್ಲಿ ನಡೆಯುತ್ತಿದ್ದ ಸರದಿಯ ಕೊನೆಗೆ ಸೇರಿಸಿಕೊಂಡರು. ಆದರೆ ಮಗಳು ಆಸೆಪಟ್ಟಿದ್ದ ಕಾಲೇಜಿನಲ್ಲಿ, ಆಸೆಪಟ್ಟಿದ್ದ ವಿಭಾಗದ ಸೀಟುಗಳು ಅಷ್ಟರಲ್ಲಿ ಮುಗಿದುಹೋಗಿದ್ದವು. ಅವಳ ಹಿಂದಿನ ರ‍್ಯಾಂಕಿನವರಾರೋ ತೆಗೆದುಕೊಂಡಿದ್ದರು, ನ್ಯಾಯವಾಗಿಯೇ. ಅವಳು ಬೇರೆ ಊರಿನ, ಬೇರೆ ವಿಭಾಗದ ಸೀಟಿಗೆ ಸಹಿ ಹಾಕಿದಳು. ಕೈ ನಡುಗಲಿಲ್ಲ. ನಡುಗಿದ್ದು ನನ್ನ ಕೈ.

ತಿರುಗಿ ಬರುವಾಗ ರಾತ್ರಿಯಿಡೀ ಅವಳು ಮಾತಾಡಲಿಲ್ಲ. ಬೆಳಗಿನ ಜಾವ ಗುಲ್ಬರ್ಗ ಹತ್ತಿರ ಬಂದಾಗ ನನ್ನ ಮುಖ ನೋಡಿ ಹೇಳಿದಳು: 'ಅಪ್ಪಾ, ನಿಮ್ಮ ಲೆಕ್ಕ ಏನ್ ತಪ್ಪಿದ್ದಿಲ್ಲ. ಬಸ್ಸಿಗೆ ಲೆಕ್ಕ ಗೊತ್ತಿದ್ದಿಲ್ಲ ಅಷ್ಟೆ.'

ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಊರಿಗೆ ಬಂದ ಮೇಲೆ ಅದೇ ಹಾಳೆಯ ಹಿಂಬದಿಯಲ್ಲಿ ಮತ್ತೊಮ್ಮೆ ಲೆಕ್ಕ ಮಾಡಿದೆ. ಮನೆಯಿಂದ ಮೆಜೆಸ್ಟಿಕ್ಕಿಗೆ ಹಿಡಿದದ್ದು 18 ತಾಸು. 680ನ್ನು 18ರಿಂದ ಭಾಗಿಸಿದರೆ ಗಂಟೆಗೆ 38 ಕಿ.ಮೀ.ಗೂ ತುಸು ಕಡಿಮೆ. ಬಸ್ಸು ಓಡುವಾಗ 50ರ ವೇಗದಲ್ಲೇ ಓಡಿತ್ತು. ನಿಂತ ಹೊತ್ತೆಲ್ಲ ಸೇರಿದರೆ ನಾಲ್ಕೂವರೆ ತಾಸಿನಷ್ಟು. ಸರಾಸರಿ ವೇಗ ಎಂದರೆ ಓಡುವಾಗಿನ ವೇಗವಲ್ಲ, ನಿಂತದ್ದನ್ನೂ ಕೂಡಿಸಿ ಬರುವ ವೇಗ. ಇದನ್ನು ನಾನು ಪುಸ್ತಕ ನೋಡಿ ವರ್ಷ ವರ್ಷವೂ ಕಲಿಸಿದ್ದೆ, ಆದರೆ ಮಗಳನ್ನು ಕರೆದುಕೊಂಡು ಹೊರಡುವಾಗ ಮರೆತಿದ್ದೆ.

ನಮ್ಮ ತಂದೆಯವರು ಆಗ ಇನ್ನೂ ಇದ್ದರು. ವಿಷಯ ಕೇಳಿ ಒಂದು ಮಾತು ಅಂದರು: 'ನಮ್ಮ ಕಾಲಕ್ಕ ರಾಜಧಾನಿ ಇಷ್ಟು ದೂರ ಇದ್ದಿದ್ದಿಲ್ಲ.' ನಿಜ. ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನದೊಳಕ್ಕೆ ಬಂದಾಗ ಅದರ ಮುಖ್ಯ ದಳ ಬಂದದ್ದು ಇದೇ ಸೊಲ್ಲಾಪುರ–ಹೈದರಾಬಾದ್ ದಾರಿಯಲ್ಲಿ. ನಳದುರ್ಗ, ಹುಮನಾಬಾದ, ಜಹೀರಾಬಾದ್ ದಾಟಿ 18ರಂದು ಹೈದರಾಬಾದ್ ಸೇರಿತು. ಇಂದು ಕಾರಿನಲ್ಲಿ ಐದಾರು ತಾಸಿಗೆ ಮುಗಿಯುವ ಸುಮಾರು 300 ಕಿ.ಮೀ. ದಾರಿಗೆ ಅಂದು ಐದು ದಿನ ಬೇಕಾಯಿತು. ದಾರಿ ಒಂದೇ, ಕಾಲ ಬೇರೆ.

ಆಮೇಲೆ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಕನ್ನಡ ನಾಡಿಗೆ ಸೇರಿದೆವು. ಹಿಂದಿನ ರಾತ್ರಿ ಮಲಗುವಾಗ ಸುಮಾರು 140 ಕಿ.ಮೀ. ದೂರದಲ್ಲಿದ್ದ ರಾಜಧಾನಿ ಬೆಳಗಾಗುವಷ್ಟರಲ್ಲಿ 680 ಕಿ.ಮೀ. ಆಚೆ ಹೋಗಿತ್ತು. ರಸ್ತೆ ಒಂದು ಅಂಗುಲವೂ ಸರಿಯಲಿಲ್ಲ, ಸರಿದದ್ದು ರಾಜಧಾನಿ. ನಮ್ಮ ಭಾಷೆಯ ಜನರೊಡನೆ ಒಂದಾದೆವೆಂಬ ಸಂತೋಷದ ಮುಂದೆ ಆ ದೂರ ದೊಡ್ಡದಾಗಿ ಕಾಣಲಿಲ್ಲ. ಆದರೆ ಸರ್ಟಿಫಿಕೇಟು, ಸಂದರ್ಶನ, ಕೋರ್ಟು ಕಚೇರಿ ಎಂದು ಹೊರಟಾಗಲೆಲ್ಲ ಆ ದೂರವನ್ನು ನಮ್ಮವರು ಒಂದೊಂದು ರಾತ್ರಿಯ ನಿದ್ದೆಯಿಂದ ತೀರಿಸುತ್ತ ಬಂದರು.

ಇನ್ನು ಆಕಾಶದ ದಾರಿಯ ಮಾತು. ವಿದ್ಯಾರ್ಥಿಗಳೇ, ನಿಮ್ಮ ಅಟ್ಲಾಸು ತೆರೆಯಿರಿ. ಬೀದರ್ ಮತ್ತು ಬೆಂಗಳೂರು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ಒಂದು 77.5 ಡಿಗ್ರಿ ಪೂರ್ವ, ಇನ್ನೊಂದು 77.6. ಅಕ್ಷಾಂಶದಲ್ಲಿ ಬೀದರ್ 17.9 ಡಿಗ್ರಿ ಉತ್ತರ, ಬೆಂಗಳೂರು ಸುಮಾರು 13. ವ್ಯತ್ಯಾಸ 4.9 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿ.ಮೀ. ಗುಣಿಸಿದರೆ 544 ಕಿ.ಮೀ. ಅಂದರೆ ಹಕ್ಕಿ ನೇರವಾಗಿ ದಕ್ಷಿಣಕ್ಕೆ ಹಾರಿದರೆ 550 ಕಿ.ಮೀ. ಒಳಗೇ ಬೆಂಗಳೂರು. ಬೀದರಿನಿಂದ ರಸ್ತೆಯಲ್ಲಿ ಹೋದರೆ 700 ಕಿ.ಮೀ. ಹತ್ತಿರ ಆಗುತ್ತದೆ. ನದಿ, ಗುಡ್ಡ, ಊರುಗಳನ್ನು ಬಳಸಿ ಹೋಗಬೇಕಾದ್ದರಿಂದ ರಸ್ತೆಯ ದೂರ ಕಾಲುಭಾಗಕ್ಕಿಂತಲೂ ಹೆಚ್ಚು ಬೆಳೆಯುತ್ತದೆ.

ನಮಗೆ ವಿಮಾನ ಹೊಸದಲ್ಲ. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರ 1963ರಿಂದ ಇದೆ. ಪಾಠ ಮಾಡುವಾಗ ತಲೆಯ ಮೇಲೆ ತರಬೇತಿ ವಿಮಾನ ಹಾದರೆ ಮಕ್ಕಳೆಲ್ಲ ಕಿಟಕಿಗೆ ಓಡುತ್ತಿದ್ದರು. ಆದರೆ ಅದರಲ್ಲಿ ಕುಳಿತು ಬೆಂಗಳೂರಿಗೆ ಹೋಗುವಂತಿರಲಿಲ್ಲ. ಹೈದರಾಬಾದಿನ ಶಂಷಾಬಾದಿನಲ್ಲಿ 2008ರಲ್ಲಿ ಹೊಸ ವಿಮಾನ ನಿಲ್ದಾಣ ಬಂತು. ಅದರಿಂದ 150 ಕಿ.ಮೀ. ಒಳಗೆ ಇನ್ನೊಂದು ಹೊಸ ನಾಗರಿಕ ನಿಲ್ದಾಣ ಬರಬಾರದೆಂಬ ಷರತ್ತು ಒಪ್ಪಂದದಲ್ಲಿದ್ದುದರಿಂದ ಬೀದರಿನ ವಿಷಯ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. ಬೆಂಗಳೂರು ದೂರ ಎಂಬುದೊಂದು ತೊಂದರೆಯಾದರೆ, ಹೈದರಾಬಾದ್ ಹತ್ತಿರ ಎಂಬುದು ಇನ್ನೊಂದು ತೊಂದರೆಯಾಯಿತು!

ಕೊನೆಗೆ 2020ರ ಫೆಬ್ರುವರಿ 7ರಂದು ಬೀದರಿನಿಂದ ಬೆಂಗಳೂರಿಗೆ ಮೊದಲ ಪ್ರಯಾಣಿಕ ವಿಮಾನ ಹಾರಿತು. ಹಾರಾಟ ಒಂದೂಕಾಲು ತಾಸಿನ ಆಸುಪಾಸು. ಊರಿನ ಕಟ್ಟೆಯ ಮೇಲೆ ಅಂದು ಅದೇ ಮಾತು. 'ಒಂದು ರಾತ್ರಿ' ಎನ್ನುತ್ತಿದ್ದವರೆಲ್ಲ 'ಬೆಂಗಳೂರು ಒಂದೂಕಾಲು ತಾಸು' ಎನ್ನತೊಡಗಿದರು.

1996ರ ಪಾಠ ಕಲಿತಿದ್ದ ನಾನು ಸುಮ್ಮನಿರದೆ ಮನೆಯಿಂದ ಮನೆಗೆ ಲೆಕ್ಕ ಹಾಕಿದೆ. ಮನ್ನಾಏಖೇಳ್ಳಿಯಿಂದ ಬೀದರಿನ ನಿಲ್ದಾಣಕ್ಕೆ ಒಂದು ತಾಸು. ಅಲ್ಲಿ ಒಂದೂವರೆ ತಾಸು ಮೊದಲೇ ಇರಬೇಕು. ಹಾರಾಟ ಒಂದೂಕಾಲು ತಾಸು. ಇಳಿದು ಪೆಟ್ಟಿಗೆ ಹಿಡಿದು ಹೊರಬರಲು ಅರ್ಧ ತಾಸು. ದೇವನಹಳ್ಳಿಯಿಂದ ಬೆಂಗಳೂರಿನೊಳಗೆ ಮನೆ ಸೇರಲು ಒಂದೂಮುಕ್ಕಾಲು ತಾಸು. ಒಟ್ಟು ಆರು ತಾಸು. ಅದರಲ್ಲಿ ಆಕಾಶದಲ್ಲಿ ಕಳೆದದ್ದು ಐದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಉಳಿದದ್ದೆಲ್ಲ ನೆಲದ ಮೇಲೆಯೇ. ಆದರೂ ನಮ್ಮ ಹದಿನೆಂಟು ತಾಸಿನ ಮುಂದೆ ಇದು ಮೂರನೆಯ ಒಂದು ಪಾಲು. ನನಗೆ ಬಹಳ ಸಂತೋಷವಾಯಿತು. ಈ ಸಲ ಲೆಕ್ಕದಲ್ಲಿ ಏನನ್ನೂ ಬಿಟ್ಟಿಲ್ಲ ಎಂದುಕೊಂಡೆ. ಬಿಟ್ಟಿದ್ದೆ.

ಆ ವಿಮಾನ ಕೆಲಕಾಲ ಹಾರಿ ನಿಂತುಹೋಯಿತು. 2022ರ ಜೂನ್‌ನಲ್ಲಿ ಬೇರೆ ಸಂಸ್ಥೆಯ ವಿಮಾನ ಶುರುವಾಯಿತು. 2023ರ ಕೊನೆಗೆ ಅದೂ ನಿಂತಿತು. ಮತ್ತೆ ಹಾರಿದ್ದು 2025ರ ಏಪ್ರಿಲ್‌ನಲ್ಲಿ. ಈ ನಡುವಿನ ಖಾಲಿ ಕಾಲದಲ್ಲೇ ನಮ್ಮ ಮನೆಯಲ್ಲಿ ಒಂದು ರಾತ್ರಿ ಬಂತು.

2024ರ ಜುಲೈ. ರಾತ್ರಿ ಊಟಕ್ಕೆ ಕುಳಿತಿದ್ದಾಗ ಮನೆಯಾಕೆಯ ಕೈಯಿಂದ ರೊಟ್ಟಿ ಜಾರಿ ಬಿತ್ತು. ಮಾತು ತೊದಲಿತು. ಪಕ್ಕದ ಮನೆಯವರ ಜೀಪಿನಲ್ಲಿ ಬೀದರಿನ ಆಸ್ಪತ್ರೆಗೆ ಸೇರಿಸಿದೆವು. ಪಾರ್ಶ್ವವಾಯು ಎಂದರು ಡಾಕ್ಟರು. 'ಬೆಳಗಾಗೋತನಕ ಏನೂ ಹೇಳಲಿಕ್ಕ ಬರಂಗಿಲ್ಲ, ಮಗಳಿಗೆ ಹೇಳ್ರಿ' ಎಂದರು. ಹತ್ತೂವರೆಗೆ ಬೆಂಗಳೂರಿಗೆ ಫೋನು ಮಾಡಿದೆ. ಬೇರೆ ವಿಭಾಗ ಸೇರಿದ್ದ ಆ ಹುಡುಗಿ ಅದರಲ್ಲೇ ಓದಿ, ಕೆಲಸ ಹಿಡಿದು, ಸಂಸಾರ ಹೂಡಿ ಬೆಂಗಳೂರಿನಲ್ಲೇ ನೆಲೆಸಿದ್ದಾಳೆ. ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಸ್ವಲ್ಪ ಹೊತ್ತು ಹಾಳೆ ಮಗುಚಿದ ಸದ್ದು ಕೇಳಿಸಿತು. 'ಅಪ್ಪಾ, ನಾಳೆ ಹನ್ನೊಂದಕ್ಕ ಅವ್ವನ ಹತ್ರ ಇರ್ತೀನಿ' ಎಂದಳು.

ನನಗೆ ನಂಬಿಕೆ ಬರಲಿಲ್ಲ. ರಾತ್ರಿ ಬಸ್ಸುಗಳೆಲ್ಲ ಹೊರಟುಹೋಗಿದ್ದವು. ಬೀದರಿಗೆ ವಿಮಾನವಿರಲಿಲ್ಲ. ಆದರೆ ಮಾರನೆಯ ದಿನ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಕೇಳಿತು. ನಸುಕಿನ ಮೂರಕ್ಕೆ ಮನೆ ಬಿಟ್ಟು, ಮೊದಲ ವಿಮಾನಕ್ಕೆ ಹೈದರಾಬಾದಿಗೆ ಬಂದು, ಶಂಷಾಬಾದಿನಿಂದ ಬಾಡಿಗೆ ಕಾರು ಹಿಡಿದು, ವರ್ತುಲ ರಸ್ತೆ ಬಳಸಿ, ಜಹೀರಾಬಾದಿನ ಮೇಲೆ ಬಂದಿದ್ದಳು. ಎಂಟು ತಾಸು. ಅವಳ ಅವ್ವ ಕಣ್ಣು ತೆರೆದಿದ್ದಳು. ಮಗಳ ಕೈ ಹಿಡಿದು ತೊದಲುತ್ತಲೇ, 'ಏನರ ತಿಂದೀ?' ಎಂದು ಕೇಳಿದಳು. ಡಾಕ್ಟರು ನಕ್ಕರು. ನಾನು ಹೊರಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತೆ.

ಸಂಜೆ ಅವಳು ಆ ಹಾಳೆ ತೋರಿಸಿದಳು. ಪಾಕೀಟಿನಲ್ಲಿ ಮಡಚಿ ತಂದಿದ್ದಳು. ಬೆಂಗಳೂರಿನಿಂದ ನಮ್ಮ ಮನೆಗೆ ಬರುವ ಎಲ್ಲ ದಾರಿಗಳನ್ನೂ ಬರೆದಿದ್ದಳು: ರಾತ್ರಿ ಬಸ್ಸು, ರೈಲು, ಸ್ವಂತ ಕಾರು, ಬೀದರಿನ ವಿಮಾನ, ಹೈದರಾಬಾದಿನ ವಿಮಾನ. ಪ್ರತಿಯೊಂದರ ಮುಂದೆ ಮನೆಯಿಂದ ಮನೆಗೆ ಎಷ್ಟು ತಾಸು ಎಂದು ಬರೆದಿತ್ತು. ಬೀದರಿನ ವಿಮಾನದ ಮುಂದೆ ಆರು ತಾಸು ಎಂದು ಬರೆದು, ಮೇಲೆ ಗೀಟು ಹಾಕಿ 'ನಿಂತಿದೆ' ಎಂದಿತ್ತು. ಕೊನೆಗೆ ಇನ್ನೊಂದು ಕಾಲಮ್ಮಿತ್ತು. ಅದರ ತಲೆಯ ಮೇಲೆ ಹೀಗೆ ಬರೆದಿದ್ದಳು: 'ತಪ್ಪಿದರೆ ಮುಂದಿನದು ಯಾವಾಗ?'

ರಾತ್ರಿ ಬಸ್ಸು ತಪ್ಪಿದರೆ ಮರುದಿನ ಸಂಜೆ. ರೈಲು ತಪ್ಪಿದರೂ ಮರುದಿನ. ಹೈದರಾಬಾದಿನ ವಿಮಾನ ತಪ್ಪಿದರೆ, ಒಂದೆರಡು ತಾಸಿನಲ್ಲಿ ಇನ್ನೊಂದು.

'ಈ ಕಾಲಮ್ಮು ಎಲ್ಲಿ ಕಲಿತಿ?' ಎಂದೆ.

'ತುಮಕೂರಿನಾಗ, ಬಸ್ಸಿನಾಗ ಕೂತು ಗಡಿಯಾರ ನೋಡ್ಲಿಕತ್ತಿದ್ದೆ ನೋಡ್ರಿ, ಅವತ್ತು' ಎಂದಳು. ದನಿಯಲ್ಲಿ ಆಕ್ಷೇಪವಿರಲಿಲ್ಲ.

ನಾನು ಜೀವಮಾನವೆಲ್ಲ ಕಲಿಸದೇ ಹೋದದ್ದು ಆ ಕಾಲಮ್ಮು. ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದು ಭೂಪಟದ ಕೆಲಸ. ತಾಸಿನಲ್ಲಿ ಅಳೆಯುವುದು ನಮ್ಮ ಜನರ ಜಾಣತನ. ಆದರೆ ಒಂದು ಊರು ನಿಜವಾಗಿಯೂ ನಮಗೆ ಹತ್ತಿರವೋ ದೂರವೋ ಎಂದು ಗೊತ್ತಾಗುವುದು ಒಂದು ಗಾಡಿ ತಪ್ಪಿದಾಗಲೇ. ದಿನಕ್ಕೆ ಒಂದೇ ಬಸ್ಸಿರುವ ಮೂವತ್ತು ಕಿಲೋಮೀಟರಿನ ಹಳ್ಳಿ, ತಾಸಿಗೊಂದು ಬಸ್ಸಿರುವ ನೂರು ಕಿಲೋಮೀಟರಿನ ಪೇಟೆಗಿಂತ ದೂರ. ಒಂದೂಕಾಲು ತಾಸಿನ ವಿಮಾನ ನಿಂತುಹೋಗಿದ್ದರೆ ಅದಕ್ಕಿಂತ ಹದಿನೆಂಟು ತಾಸಿನ ಬಸ್ಸೇ ಹತ್ತಿರ.

ಕಳೆದ ಕೆಲವು ದಶಕಗಳಲ್ಲಿ ದೂರ ಬೇರೆ ರೀತಿಯಲ್ಲಿಯೂ ಕಡಿಮೆಯಾಗಿದೆ. 1980ರಲ್ಲಿ ಗುಲ್ಬರ್ಗಕ್ಕೆ ವಿಶ್ವವಿದ್ಯಾಲಯ ಬಂತು. 2008ರ ಜುಲೈನಲ್ಲಿ ಅಲ್ಲಿ ಹೈಕೋರ್ಟಿನ ಪೀಠ ಶುರುವಾಯಿತು. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಗಿ ಹುಮನಾಬಾದಿಗೂ ರೈಲು ಬಂತು. ಸೀಟು ಆರಿಸಿಕೊಳ್ಳಲು ಮಕ್ಕಳು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಬೇಕಾಗಿಲ್ಲ. ನಾವು ಬೆಂಗಳೂರಿಗೆ ಹೋಗುವುದಷ್ಟೇ ಅಲ್ಲ, ಬೆಂಗಳೂರು ಒಂದೊಂದು ಹೆಜ್ಜೆ ನಮ್ಮ ಕಡೆ ಬರುವುದೂ ದೂರವನ್ನು ಕಡಿಮೆ ಮಾಡುತ್ತದೆ.

ಆದರೂ ಪರೀಕ್ಷೆಗೆಂದೋ ಸಂದರ್ಶನಕ್ಕೆಂದೋ ಮಕ್ಕಳು ಹೊರಡುವುದು ತಪ್ಪುವುದಿಲ್ಲ. ಅಂಥವರ ತಂದೆತಾಯಿ ನನ್ನನ್ನು ಕೇಳುತ್ತಾರೆ. ಮಕ್ಕಳ ಕೈಯಲ್ಲೇ ಮೂರು ಕಾಲಮ್ಮಿನ ಹಾಳೆ ಬರೆಸುತ್ತೇನೆ. ಎಷ್ಟು ಕಿ.ಮೀ., ಮನೆಯಿಂದ ಮನೆಗೆ ಎಷ್ಟು ತಾಸು, ತಪ್ಪಿದರೆ ಮುಂದಿನದು ಯಾವಾಗ. ಮೂರನೆಯದಕ್ಕೆ ಉತ್ತರ 'ನಾಳೆ' ಎಂದು ಬಂದರೆ, ಒಂದು ದಿನ ಮೊದಲೇ ಹೊರಡಿ ಎನ್ನುತ್ತೇನೆ. ಇದು ನನ್ನ ಮಾತಲ್ಲ, ರೊಟ್ಟಿ ಬಡಿಯುತ್ತ ಮನೆಯಾಕೆ ಹೇಳಿದ್ದು. ಅವಳ ಎಡಗೈಗೆ ಇನ್ನೂ ಪೂರ್ತಿ ಬಲ ಬಂದಿಲ್ಲ. ರೊಟ್ಟಿ ಬಡಿಯುವ ಕೆಲಸ ಈಗ ನನ್ನದು. ದುಂಡಗೆ ಬರುವುದಿಲ್ಲವೆಂದು ದಿನವೂ ಬೈಸಿಕೊಳ್ಳುತ್ತೇನೆ.

ಕೊನೆಯ ಬೆಂಚಿನ ಆ ಹುಡುಗ ಏನಾದ ಎಂದು ನೀವು ಕೇಳಬಹುದು. ಹೆದ್ದಾರಿಯ ಬದಿಗೆ ಅವನದೊಂದು ಚಾದ ಹೋಟೆಲಿದೆ. ಆ ಕಡೆ ಹೋದಾಗಲೆಲ್ಲ ದುಡ್ಡು ತೆಗೆದುಕೊಳ್ಳದೆ ಒಂದು ಕಪ್ಪು ಚಾ ಕೊಡುತ್ತಾನೆ. ಮೊನ್ನೆ ಹಳೆಯ ಲೆಕ್ಕ ನೆನಪಿಸಿ, 'ನೀನೇ ಸರಿ ಇದ್ದಿ, ನಾನೇ ತಪ್ಪಿದ್ದೆ' ಎಂದೆ.

ಅವನು ಗಲ್ಲೆಯಿಂದ ಎದ್ದು ನಿಂತು ನಕ್ಕ. 'ಲೆಕ್ಕದಾಗಿನ ಬಸ್ಸು ನಿಲ್ಲದಿದ್ರೂ ಚಿಂತಿಲ್ರಿ ಸರ್' ಎಂದ. 'ಖರೇ ಬಸ್ಸು ನಿಲ್ತಾವಲ್ರಿ, ಅದ್ರಾಗೇ ನನ್ನ ಮನಿ ನಡೀತದ.'